ಹಸಿರು ಸೊನ್ನೆ

ನಮ್ಮ ವೇಲಚೇರಿ ಫ್ಲ್ಯಾಟಿನ ಮೇಲ್ಮಹಡಿಯ ಬ್ಯಾಂಕಿನವರ ಮಗಳು ಪೂರ್ವಿ ಕಳೆದ ತಿಂಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ತಾನು ಬರೆದ ಪ್ರೋಗ್ರಾಂ ನಾನು ನೋಡಬೇಕಂತೆ. ನೋಡಿದೆ. ಒಂದು ಸಂಖ್ಯೆಯನ್ನು ಇನ್ನೊಂದಕ್ಕೆ ಕೂಡಿಸುವ ಕೆಲಸ. ಅಷ್ಟಕ್ಕೆ ಸ್ಕ್ರೀನ್ ತುಂಬ ಕಾವಲು. ಸಂಖ್ಯೆ ಬಂದಿದೆಯೇ ಎಂದು ಒಮ್ಮೆ ಕೇಳಿದ್ದಾಳೆ. ಬಂದದ್ದು ಸಂಖ್ಯೆಯೇ ಹೌದೇ ಎಂದು ಇನ್ನೊಮ್ಮೆ. ಎರಡು ಸಾಲು ಕೆಳಗೆ, ಈಗತಾನೇ ಕೇಳಿದ್ದನ್ನೇ ಮತ್ತೆ. ಕೊನೆಗೆ ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿದ ಹಾಗೆ ಒಂದು ಸಾಲು: ಒಳಗೆ ಏನೇ ಕೆಟ್ಟರೂ ಸೊನ್ನೆ ಕೊಟ್ಟು ಮುಂದೆ ಹೋಗು.

“ಇಷ್ಟೆಲ್ಲ ಯಾಕೆ ಮಗು?” ಎಂದೆ.

“ಸೇಫಾ ಇರಟ್ಟುಮೇ ಆಂಟಿ,” ಎಂದಳು. ಸುರಕ್ಷಿತವಾಗಿರಲಿ ಬಿಡಿ ಅಂತ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವುದು ಈ ತಮಿಳು ಊರಿನಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳ ಮಕ್ಕಳ ಅಭ್ಯಾಸ. ನನ್ನ ಮುಖ ನೋಡಿ ಕನ್ನಡಕ್ಕೆ ಬಂದಳು. “ಅರ್ಧ ನಾನು ಬರೆದದ್ದೇ ಅಲ್ಲ ಆಂಟಿ. ಈಗ ಎಐ ಟೂಲೇ ಬರೆದುಕೊಡತ್ತೆ. ನಮ್ ಟೀಮ್ ಲೀಡ್‌ಗೆ ತುಂಬಾ ಇಷ್ಟ ಆಯ್ತು.”

ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ಇಟ್ಟ ಬೆರಳು ತೆಗೆಯಲೇ ಇಲ್ಲ. ಪೂರ್ವಿ ಗಾಬರಿಯಾಗಿ ಅಡುಗೆಮನೆಯಿಂದ ನೀರು ತಂದುಕೊಟ್ಟಳು. ಆಮೇಲೆ ಹೇಳುತ್ತೇನೆಂದು ಅವಳನ್ನು ಕಳಿಸಿದೆ. ಬಾಯಲ್ಲಿ ಹೇಳಲು ಹೋದರೆ ಸಿಟ್ಟು ಮೊದಲು ಬಂದುಬಿಡುತ್ತದೆ, ಮಾತು ಆಮೇಲೆ. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ, ಅವಳ ಜೊತೆ ಈ ಕೆಲಸಕ್ಕೆ ಕಾಲಿಡುತ್ತಿರುವ ಎಲ್ಲರಿಗೂ.

ನಾನು ವಾರಿಜಾ. ಹುಟ್ಟಿ ಬೆಳೆದದ್ದು ತ್ರಿಪ್ಲಿಕೇನಿನಲ್ಲಿ. ತಂದೆ ವಿಮಾ ಕಚೇರಿಯಲ್ಲಿದ್ದರು. ಭೌತಶಾಸ್ತ್ರ ಓದಿ, ಕಂಪ್ಯೂಟರ್ ಕಲಿತು, ಗಿಂಡಿಯ ಒಂದು ಸಣ್ಣ ಕಂಪನಿಗೆ ಸೇರಿ ಅಲ್ಲಿಂದಲೇ ನಿವೃತ್ತಳಾದೆ. ಕಾರ್ಖಾನೆಗಳ ಬಿಸಿ, ಒತ್ತಡ, ಅನಿಲ ಇವನ್ನೆಲ್ಲ ಅಳೆದು ಸ್ಕ್ರೀನಿನಲ್ಲಿ ತೋರಿಸುವ ಪ್ರೋಗ್ರಾಂಗಳು ನಮ್ಮ ಕಸುಬು. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಕೇಳಿ ನಿಮಗೇನೂ ಆಗಬೇಕಾದ್ದಿಲ್ಲ.

ಮೊದಲ ದಿನಗಳಲ್ಲಿ ನನಗೆ ಕಲಿಸಿದವರು ಕಲ್ಯಾಣಿ ಮೇಡಂ. ಒಮ್ಮೆ ನನ್ನ ಪ್ರೋಗ್ರಾಂ ಓದಿ ಮೇಡಂ ಕೇಳಿದರು: “ನೀನು ತ್ರಿಪ್ಲಿಕೇನಿನವಳಲ್ಲವೇ? ಅಲ್ಲಿನ ಊಟದ ಮೆಸ್ಸಿನಲ್ಲಿ ಟೋಕನ್ ಎಲ್ಲಿ ಕೊಡ್ತೀಯ?”

“ಬಾಗಿಲಲ್ಲಿ ಮೇಡಂ.”

“ಅನ್ನ ಬಡಿಸುವವನು ಕೇಳ್ತಾನಾ? ಸಾರು ಬಡಿಸುವವನು? ಮಜ್ಜಿಗೆ ಹಾಕುವವನು?”

“ಇಲ್ಲ.”

“ಕೇಳಿದರೆ ಊಟ ಮಾಡಿ ಎದ್ದ ಹಾಗೇ. ಬಾಗಿಲಲ್ಲಿ ಒಂದು ಸಲ ಗಟ್ಟಿಯಾಗಿ ಕೇಳು. ಟೋಕನ್ ಇಲ್ಲದವನನ್ನ ಅಲ್ಲೇ ನಿಲ್ಲಿಸು, ನಿಲ್ಲಿಸಿದ್ದು ಬೀದಿಗೆಲ್ಲ ಕೇಳಲಿ. ಒಳಗೆ ಬಂದಮೇಲೆ ನಂಬು.”

ನನ್ನ ಇಡೀ ಕಸುಬಿನಲ್ಲಿ ಇದಕ್ಕಿಂತ ಹೆಚ್ಚಿನ ಪಾಠ ಯಾರೂ ಹೇಳಿಕೊಡಲಿಲ್ಲ. ಹೇಳಿದವರನ್ನು ಕಂಪನಿ ಬಹಳ ಕಾಲ ಇಟ್ಟುಕೊಳ್ಳಲೂ ಇಲ್ಲ. ಅವರ ಪ್ರೋಗ್ರಾಂಗಳು ತೀರಾ ಚಿಕ್ಕವಾಗಿರುತ್ತವೆ, ಗ್ರಾಹಕರಿಗೆ ಇಷ್ಟೇನಾ ಅನ್ನಿಸುತ್ತದೆ ಎಂಬ ದೂರಿತ್ತು.

ಗ್ರಾಹಕರಿಗೆ ಏನನ್ನಿಸುತ್ತಿತ್ತು ಎಂಬುದಕ್ಕೆ ವಡಪಳನಿಯ ಸ್ಟುಡಿಯೋ ಸಾಕ್ಷಿ. ಡಬ್ಬಿಂಗ್ ಕೊಠಡಿಗಳನ್ನು ಬುಕ್ ಮಾಡಲು ಅವರಿಗೊಂದು ಪ್ರೋಗ್ರಾಂ ಬೇಕಿತ್ತು. ಇದ್ದದ್ದು ಎರಡು ಕೊಠಡಿ. ನಮ್ಮವರು ಕೂತು ಯೋಚಿಸಿದರು. ನಾಳೆ ಇವರು ಹತ್ತು ಊರಲ್ಲಿ ಶಾಖೆ ತೆರೆದರೆ? ಬೇರೆ ದೇಶದಲ್ಲಿ ತೆರೆದರೆ? ಅಲ್ಲಿ ಗಡಿಯಾರ ಬೇರೆಯಾದರೆ? ಹೀಗೆ ಬಾರದ ನಾಳೆಗಳಿಗೆಲ್ಲ ಏರ್ಪಾಡು ಮಾಡಿ, ತಿಂಗಳುಗಟ್ಟಲೆ ಬರೆದು ಕೊಟ್ಟರು. ಮೊದಲ ವಾರವೇ ಸ್ಟುಡಿಯೋ ಮ್ಯಾನೇಜರ್ ಫೋನ್ ಮಾಡಿದರು.

“ಏನಮ್ಮಾ, ಹೀರೋ ಬಂದು ಬಾಗಿಲಲ್ಲಿ ನಿಂತಿದ್ದಾನೆ. ನಿಮ್ಮ ಪೆಟ್ಟಿಗೆ ನನ್ನನ್ನು ಯಾವ ದೇಶ ಅಂತ ಕೇಳ್ತಿದೆ. ವಡಪಳನಿ ಯಾವ ದೇಶದಲ್ಲಿದೆ, ನೀವೇ ಹೇಳಿ, ಒತ್ತುತ್ತೀನಿ.”

ಮುಂದೆ ನಾನು ಹೋದಾಗ ಗೋಡೆಗೆ ಒಂದು ಕಪ್ಪು ಹಲಗೆ ತಗುಲಿಸಿದ್ದರು. ಸೀಮೆಸುಣ್ಣದಲ್ಲಿ ಎರಡು ಕೊಠಡಿಯ ಹೆಸರು. ನಮ್ಮ ಕಂಪ್ಯೂಟರಿನ ಮೇಲೆ ಮಲ್ಲಿಗೆ ಹೂ ಮುಡಿಸಿದ ಮುರುಗನ ಪಟ ಇತ್ತು. ಆಗ ನಕ್ಕೆವು. ಕೆಲಸ ಮಾಡದ ಪ್ರೋಗ್ರಾಂ ಪಟ ಇಡಲಾದರೂ ಆಯಿತು. ಕೆಲಸ ಮಾಡುತ್ತಿರುವಂತೆ ನಟಿಸುವ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಆಗ ನಮಗೆ ಗೊತ್ತಿರಲಿಲ್ಲ.

ಕಲ್ಯಾಣಿ ಮೇಡಂ ಜಾಗಕ್ಕೆ ಸಂಪತ್ ಸರ್ ಬಂದರು. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಬಂದು ನಿಲ್ಲುತ್ತಿದ್ದವರು ಅವರೇ. ಆದರೆ ಗ್ರಾಹಕರ ಸ್ಕ್ರೀನಿನಲ್ಲಿ ತಪ್ಪಾಗಿದೆ ಎನ್ನುವ ಕೆಂಪು ಅಕ್ಷರ ಕಂಡರೆ ಅವರಿಗೆ ರಕ್ತ ಕಂಡಷ್ಟು ಭಯ. “ಸಿವಪ್ಪು ವರಕ್ಕೂಡಾದು” ಎಂಬುದು ಅವರ ಮಂತ್ರ. ಕೆಂಪು ಬರಕೂಡದು. ಇದಕ್ಕಾಗಿ ಅವರೊಂದು ಪದ್ಧತಿ ಹುಟ್ಟುಹಾಕಿದರು. ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮ ಪ್ರೋಗ್ರಾಂಗಳಿಗೆ ಅವರೇ ಕಸಕಡ್ಡಿ ತುಂಬುತ್ತಿದ್ದರು. ಸಂಖ್ಯೆಯ ಜಾಗದಲ್ಲಿ ಹೆಸರು, ಹೆಸರಿನ ಜಾಗದಲ್ಲಿ ಖಾಲಿ. ಯಾರ ಪ್ರೋಗ್ರಾಂ ಕೆಂಪು ತೋರಿಸಿ ನಿಂತಿತೋ ಅವರು ಎಲ್ಲರಿಗೂ ಬಜ್ಜಿ ಕೊಡಿಸಬೇಕು. ಗಿಂಡಿಯ ಕೈಗಾರಿಕಾ ಎಸ್ಟೇಟಿನ ಮೂಲೆಯಂಗಡಿಯ ಮೆಣಸಿನಕಾಯಿ ಬಜ್ಜಿ, ಬಾಳೆಕಾಯಿ ಬಜ್ಜಿ. ಎಲ್ಲರೂ ತಿಂದೆವು. ನಾನೂ ತಿಂದೆ.

ಬಜ್ಜಿಯ ದುಡ್ಡು ಯಾರಿಗೆ ಲೆಕ್ಕ? ಆದರೆ ಸೋತವನ ಹೆಸರು ಒಂದು ವಾರ ‘ಬಜ್ಜಿ ಮಾಸ್ಟರ್’ ಎಂದು ಓಡಾಡುತ್ತಿತ್ತು. ಬುದ್ಧಿವಂತ ಹುಡುಗರು ಬೇಗ ಕಲಿತರು. ತಪ್ಪನ್ನು ಸರಿಮಾಡುವುದಕ್ಕಿಂತ ತಪ್ಪು ಕಾಣದಂತೆ ಮಾಡುವುದು ಸುಲಭ. ಅಂಕಿ ಬರಲಿಲ್ಲವೇ, ಹಿಂದಿನದನ್ನೇ ಇಡು. ಅದೂ ಇಲ್ಲವೇ, ಸೊನ್ನೆ ಇಡು. ಕ್ರಮೇಣ ಶುಕ್ರವಾರಗಳು ತೆಪ್ಪಗಾದವು. ಬಜ್ಜಿ ನಿಂತಿತು. ಸಂಪತ್ ಸರ್ ಮೇಲಿನವರಿಗೆ, ನಮ್ಮ ಪ್ರೋಗ್ರಾಂಗಳಲ್ಲಿ ಈಗ ದೋಷವೇ ಬರುವುದಿಲ್ಲ ಎಂದು ವರದಿ ಕಳಿಸಿದರು. ಎಂಥ ಮಾತು! ಜ್ವರ ಅಳೆಯುವ ಕಡ್ಡಿ ಮುರಿದುಹಾಕಿ, ಮನೆಯಲ್ಲಿ ಯಾರಿಗೂ ಜ್ವರವಿಲ್ಲ ಎಂದ ಹಾಗೆ.

ಇದಕ್ಕೆಲ್ಲ ಬಾಯಿಬಿಟ್ಟು ಗೊಣಗುತ್ತಿದ್ದವನು ಶೇಷಗಿರಿ ಒಬ್ಬನೇ. ನನಗಿಂತ ಚಿಕ್ಕವನು. ಅಜ್ಜ ಹುಬ್ಬಳ್ಳಿಯಿಂದ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿಗೆ ಬಂದವರು. ಮೂರು ತಲೆಮಾರಾದರೂ ಮನೆಯಲ್ಲಿ ಅದೇ ಭಾಷೆ. ಅವನದು ಕಂಚಿನ ಗಂಟೆಯಂಥ ಗಂಟಲು. ಊಟದ ಹೊತ್ತಿಗೆ ತನ್ನ ಕುರ್ಚಿಯಿಂದಲೇ “ಅಕ್ಕಾರ, ಡಬ್ಬಿ ತಗೀರಿ!” ಎಂದರೆ ಕೆಳಗಿನ ಮಹಡಿಯ ಆಡಿಟರ್ ಆಫೀಸಿನವರೂ ಡಬ್ಬಿ ತೆಗೆಯುತ್ತಿದ್ದರು.

ಒಂದು ದಿನ ನಾವಿಬ್ಬರೂ ಕಾಸಿಮೇಡಿನ ಹಾರ್ಬರಿನ ಹತ್ತಿರದ ಒಂದು ಮೀನಿನ ಕೋಲ್ಡ್ ಸ್ಟೋರೇಜಿಗೆ ಹೋದೆವು. ವರ್ಷಕ್ಕೊಮ್ಮೆ ನಮ್ಮ ಪೆಟ್ಟಿಗೆಗಳನ್ನು ನೋಡಿಬರುವ ಕೆಲಸ. ಅಲ್ಲಿ ಮೀನನ್ನು ತಣ್ಣಗಿಡುವುದು ಅಮೋನಿಯಾ ಅನಿಲದಿಂದ. ಸೋರಿದರೆ ಕಣ್ಣು, ಗಂಟಲು, ಶ್ವಾಸಕೋಶ ಎಲ್ಲ ಸುಡುತ್ತದೆ. ಅದಕ್ಕಾಗಿ ಪ್ರತಿ ಕೋಣೆಯಲ್ಲೂ ಅನಿಲ ಅಳೆಯುವ ಸೆನ್ಸರ್ ಇತ್ತು. ಅಂಕಿಗಳು ಗಾಜಿನ ಕ್ಯಾಬಿನ್ನಿನಲ್ಲಿದ್ದ ನಮ್ಮ ಸ್ಕ್ರೀನಿಗೆ ಬರುತ್ತಿದ್ದವು. ಪ್ಲಾಂಟಿನ ನಿಯಮ ಸರಳ: ಕೋಣೆ ಹಸಿರಾಗಿದ್ದರೆ ಹಾಗೇ ಹೋಗಬಹುದು. ಇಲ್ಲವಾದರೆ ಮುಖವಾಡ ಹಾಕಿಕೊಳ್ಳಬೇಕು.

ನಾನು ಕ್ಯಾಬಿನ್ನಿನಲ್ಲಿ ಸ್ಕ್ರೀನ್ ಮುಂದೆ ಕೂತಿದ್ದೆ. ಶೇಷಗಿರಿ ವಾಲ್ವ್ ಕೋಣೆಯ ಸೆನ್ಸರ್ ನೋಡಬೇಕಿತ್ತು. ಬಾಗಿಲ ಬಳಿ ಸ್ವಲ್ಪ ಘಾಟು ಇತ್ತು. ಅಲ್ಲಿ ಮೀನಿನ ವಾಸನೆಯ ಜೊತೆ ಆ ಘಾಟು ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ.

“ಅಕ್ಕಾರ, ಎಷ್ಟ್ ತೋರಸ್ತದ?”

“ಸೊನ್ನೆ. ಹಸಿರು.”

“ಸೊನ್ನಿ ಅಂದ್ರ ಮಾಸ್ಕ್ ಯಾಕ? ಹೋಗಿ ಬಂದಬಿಡ್ತೀನಿ. ಬಂದಮ್ಯಾಲ ಮೀನಿನ ವಾಸನಿಗೆ ನಮ್ಮನ್ನ ಬಸ್ಸಿನ್ಯಾಗ ಯಾರೂ ಕೂಡಿಸ್ಕೊಳ್ಳೂದಿಲ್ಲ, ಆಟೋದಾಗ ಹೋಗೂಣು.”

ಒಳಗೆ ಹೋದ. ದಪ್ಪ ಬಾಗಿಲು ಅವನ ಹಿಂದೆ ತಾನಾಗಿ ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು ಕೇಳಿಸಿತು. ಈಗ ಹೇಳುವುದನ್ನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದ್ದೇನೋ ನನಗೇ ಗೊತ್ತಿಲ್ಲ. ಸದ್ದು ಕೇಳಿದಾಗ ನಾನು ಮೊದಲು ನೋಡಿದ್ದು ಬಾಗಿಲನ್ನಲ್ಲ, ಸ್ಕ್ರೀನನ್ನು. ಹಸಿರು ಚೌಕದಲ್ಲಿ ಸೊನ್ನೆ. ಇವನದು ಯಾವಾಗಲೂ ತಮಾಷೆ ಎಂದುಕೊಂಡೆ. ಮತ್ತೆ ಬಡಿದ. ಮತ್ತೆ ಸ್ಕ್ರೀನ್ ನೋಡಿದೆ. ಸೊನ್ನೆ. ಬಾಗಿಲು ಸಿಕ್ಕಿಹಾಕಿಕೊಂಡಿರಬೇಕು ಎಂದುಕೊಂಡೆ. ಮೂರನೆಯ ಸಲ ಸದ್ದು ಬಾಗಿಲಿನ ಕೆಳಭಾಗದಿಂದ ಬಂತು. ನಿಂತವನು ಅಲ್ಲಿ ಬಡಿಯುವುದಿಲ್ಲ. ಆಗ ಎದ್ದು ಕೂಗಿದೆ.

ಪ್ಲಾಂಟಿನ ಮೆಕ್ಯಾನಿಕ್ ಅಂತೋಣಿ ಓಡಿಬಂದ. ಗೋಡೆಯ ಮೇಲಿದ್ದ ಮುಖವಾಡ ಹಾಕಿಕೊಂಡು ಬಾಗಿಲು ತೆಗೆದ. ಹೊರಗೆ ನುಗ್ಗಿದ ಗಾಳಿ ನನ್ನ ಕಣ್ಣಿಗೆ ಸೂಜಿಯಂತೆ ಚುಚ್ಚಿತು. ಶೇಷಗಿರಿಯನ್ನು ಕಂಕುಳಲ್ಲಿ ಹಿಡಿದು ಎಳೆದು ತಂದು, ಮೀನು ತೊಳೆಯುವ ಕಟ್ಟೆಯ ಮೇಲೆ ಮಲಗಿಸಿ, ಪೈಪಿನಿಂದ ನೀರು ಬಿಟ್ಟ. ಅವನ ಕಣ್ಣು ತೆರೆಯುತ್ತಿರಲಿಲ್ಲ; ಒಳಗೆ ಬಾಗಿಲ ಹಿಡಿ ಕಾಣದೆಯೇ ಬಡಿದಿದ್ದ. ಏನೋ ಹೇಳಲು ಬಾಯಿ ತೆರೆದ. ಆ ಕಂಚಿನ ಗಂಟಲಿನಿಂದ ಬರೀ ಗಾಳಿ ಬಂತು. ತಿರುಗಿ ಗಾಜಿನ ಕ್ಯಾಬಿನ್ ನೋಡಿದೆ. ನಮ್ಮ ಸ್ಕ್ರೀನ್ ಆಗಲೂ ಹಸಿರಾಗಿತ್ತು.

ಬದುಕಿದ. ಕಣ್ಣು ಉಳಿಯಿತು. ಸ್ವರ ಪಿಸುಮಾತಿಗೆ ಇಳಿದು ಅಲ್ಲೇ ನಿಂತಿತು.

ಆದದ್ದೇನು ಎಂದು ನಾನು ಪ್ರೋಗ್ರಾಂ ತೆರೆದು ಕೂತೆ. ವಾಲ್ವ್ ಕೋಣೆಯ ಸೆನ್ಸರ್ ಬಹಳ ದಿನಗಳಿಂದ ಸತ್ತಿತ್ತು. ಅದರಿಂದ ಅಂಕಿಯೇ ಬರುತ್ತಿರಲಿಲ್ಲ. ಅಂಕಿ ಬರದಿದ್ದರೆ ಹಿಂದಿನದನ್ನೇ ಇಟ್ಟುಕೋ ಎಂದು ಮೊದಲ ಪದರ. ಹಿಂದಿನದು ತೀರಾ ಹಳೆಯದಾದರೆ ಸೊನ್ನೆ ಎಂದುಕೋ ಎಂದು ಎರಡನೆಯದು. ಮೂರನೆಯದು, ಸೊನ್ನೆ ಮಿತಿಯೊಳಗೇ ಇದೆ, ಆದ್ದರಿಂದ ಸರಿ ಎಂದು ಮುದ್ರೆ ಒತ್ತುತ್ತಿತ್ತು. ಮುದ್ರೆ ಬಿದ್ದದ್ದಕ್ಕೆಲ್ಲ ನಾಲ್ಕನೆಯದು ಹಸಿರು ಬಳಿಯುತ್ತಿತ್ತು. ನಾಲ್ಕು ಪದರಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆಯವರು ಬರೆದಿದ್ದರು. ಒಬ್ಬೊಬ್ಬರೂ ಎಚ್ಚರಿಕೆಯವರೇ. ಶುಕ್ರವಾರದ ಪರೀಕ್ಷೆಯಲ್ಲಿ ಗೆದ್ದವರೇ. ‘ನನಗೆ ಗೊತ್ತಿಲ್ಲ’ ಎಂಬ ಒಂದು ಪ್ರಾಮಾಣಿಕ ಮಾತು ಈ ನಾಲ್ಕು ಜನರ ಎಚ್ಚರಿಕೆಯನ್ನು ಹಾದು ಬರುವಾಗ ‘ಅಪಾಯವಿಲ್ಲ’ ಎಂದಾಗಿಬಿಟ್ಟಿತ್ತು. ಪ್ರೋಗ್ರಾಂ ಕೆಟ್ಟಿರಲಿಲ್ಲ, ನೆನಪಿಡಿ. ಬರೆದ ಹಾಗೆಯೇ ನಡೆದಿತ್ತು.

ನನ್ನ ರಕ್ತ ಕುದಿಸಿದ್ದು ಮುಂದಿನ ಸಭೆ. ಸಂಪತ್ ಸರ್ ಆಡಿದ್ದು ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

“ಸೆನ್ಸರ್ ಹಾಳಾದರೆ ನಾವೇನಮ್ಮಾ ಮಾಡೋಣ? ಅದೃಷ್ಟಕ್ಕೆ ನಮ್ಮ ಪ್ರೋಗ್ರಾಂ ನಿಲ್ಲಲಿಲ್ಲ.”

“ನಿಲ್ಲಬೇಕಿತ್ತು ಸರ್. ನಿಂತಿದ್ದರೆ ಶೇಷಗಿರಿ ಒಳಗೆ ಹೋಗುತ್ತಿರಲಿಲ್ಲ.”

“ಭಾವುಕರಾಗಬೇಡಿ ವಾರಿಜಾ. ಒಂದು ಕೆಲಸ ಮಾಡೋಣ. ಇನ್ನೊಂದು ಚೆಕ್ ಸೇರಿಸಿ. ಸೊನ್ನೆ ಬಂದರೆ ಅದು ನಿಜವಾದ ಸೊನ್ನೆಯಾ ಅಂತ ನೋಡೋ ಚೆಕ್.”

ಐದನೆಯ ಪದರ! ನಾಲ್ಕು ಸುಳ್ಳುಗಳ ಮೇಲೆ ಕೂರಿಸಲು ಒಬ್ಬ ಮೇಲ್ವಿಚಾರಕ. ಮೇಜಿನ ಸುತ್ತ ಕೂತಿದ್ದವರೆಲ್ಲ ಇಂಜಿನಿಯರಿಂಗ್ ಓದಿದವರು, ಎಲ್ಲರೂ ತಲೆಯಾಡಿಸಿದರು. ಪ್ಲಾಂಟಿನವರಿಗೆ ಹೋದ ಪತ್ರದಲ್ಲಿ ‘ಸಿಬ್ಬಂದಿಯ ಅಜಾಗರೂಕತೆ’ ಎಂದು ಬರೆದಿದ್ದರು. ಸಿಬ್ಬಂದಿ ಎಂದರೆ ಶೇಷಗಿರಿ. ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದವನು. ನಾವು ಹಸಿರು ಎಂದದ್ದನ್ನು ಹಸಿರೆಂದು ನಂಬಿದ್ದು ಅವನ ಅಜಾಗರೂಕತೆ.

ನಾನು ಚೆಕ್ ಸೇರಿಸಲಿಲ್ಲ. ತೆಗೆಯಲು ಕೂತೆ. ಪ್ಲಾಂಟಿನ ಕೆಲಸ ನನ್ನ ಹೆಸರಿಗೇ ಇತ್ತು, ಯಾರೂ ತಡೆಯಲಾಗಲಿಲ್ಲ. ಬರೆಯುವುದಕ್ಕಿಂತ ಅಳಿಸುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಒಂದು ಸಾಲು ತೆಗೆಯಲು ಹೋದರೆ ಸುತ್ತ ನಾಲ್ಕು ಜನ ಬಂದು ನಿಲ್ಲುವರು: “ಇರಲಿ ಬಿಡಿ ಮೇಡಂ, ಯಾವುದಕ್ಕೋ ಇಟ್ಟಿರ್ತಾರೆ.” ಯಾವುದಕ್ಕೆ ಎಂದರೆ ಒಬ್ಬರಿಗೂ ಗೊತ್ತಿಲ್ಲ. ಯಾವುದಕ್ಕೆಂದು ಯಾರೂ ಹೇಳಲಾರದ ಸಾಲು ಅನಿಲದ ಕೋಣೆಯ ಪ್ರೋಗ್ರಾಮಿನಲ್ಲಿ ಏಕಿರಬೇಕು? ಒಂದೊಂದಾಗಿ ತೆಗೆದೆ. ಉಳಿದದ್ದು ಇಷ್ಟೇ: ಅಂಕಿ ಬಂದರೆ ತೋರಿಸು. ಬರದಿದ್ದರೆ ಬರಲಿಲ್ಲ ಎಂದು ಕೆಂಪಿನಲ್ಲಿ ಹೇಳು, ಹಾರ್ನ್ ಊದು. ಕಲ್ಯಾಣಿ ಮೇಡಂ ಓದಿದ್ದರೆ, ಇಷ್ಟೇನಾ ಎನ್ನುತ್ತಿರಲಿಲ್ಲ.

ಅದನ್ನು ಹಾಕಲು ಕಾಸಿಮೇಡಿಗೆ ಹೋದಾಗ ಶೇಷಗಿರಿಯೂ ಬಂದ. ಬರಬೇಡ ಎಂದೆ, ಕೇಳಲಿಲ್ಲ. ಬಾಗಿಲುಗಳಿಂದ ದೂರ, ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಕೂತ. ಹೊಸ ಪ್ರೋಗ್ರಾಂ ಶುರುಮಾಡಿದೆ. ಹೊಸ ಸೆನ್ಸರ್ ಹಾಕಿದ್ದ ವಾಲ್ವ್ ಕೋಣೆ ಹಸಿರಾಗಿ ಅಂಕಿ ತೋರಿಸಿತು. ಅದರ ಪಕ್ಕದ ಕೋಣೆ ಕೆಂಪು. ಮೀನು ತುಂಬುವ ಕೋಣೆ ಕೆಂಪು. ಹಾರ್ನ್ ಬಾಯಿಬಿಟ್ಟಿತು.

ಪ್ಲಾಂಟ್ ಮ್ಯಾನೇಜರ್ ಓಡಿಬಂದು ಕೂಗಾಡಿದರು. “ಬೆಳಿಗ್ಗೆವರೆಗೂ ಎಲ್ಲ ಹಸಿರಿತ್ತು! ಒಳ್ಳೆ ಪ್ರೋಗ್ರಾಂ ತಂದು ಕೆಡಿಸಿದಿರಲ್ಲ!” ಗಿಂಡಿಗೆ ಫೋನ್ ಹೋಯಿತು. ಗಿಂಡಿಯಿಂದ ಸಂಪತ್ ಸರ್ ನನಗೆ ಮಾಡಿದರು.

“ವಾರಿಜಾ, ಹಳೇದನ್ನ ವಾಪಸ್ ಹಾಕಿ. ಸಾಯಂಕಾಲದೊಳಗೆ ಹಸಿರಾಗಬೇಕು.”

“ಹಸಿರೇ ಬೇಕಾದರೆ ಒಂದು ಡಬ್ಬ ಬಣ್ಣ ಕಳಿಸಿ ಸರ್, ಗಾಜಿಗೆ ಬಳಿಸ್ತೀನಿ. ಪ್ರೋಗ್ರಾಂ ತೆಗೆಯಲ್ಲ.”

“ಇದರ ಪರಿಣಾಮ ಗೊತ್ತಲ್ಲ?”

ಶೇಷಗಿರಿ ಕೈಚಾಚಿ ಫೋನ್ ಇಸಿದುಕೊಂಡ. ಹಾರ್ನಿನ ಗದ್ದಲದಲ್ಲಿ ಅವನ ಪಿಸುಮಾತು ಆ ಕಡೆ ಕೇಳಿಸಿತೋ ಇಲ್ಲವೋ. “ಸರ್, ನಾನ್ ಶೇಷಗಿರಿ ಪೇಸರೇನ್,” ಎಂದ. ನಾನು ಶೇಷಗಿರಿ ಮಾತಾಡ್ತಿದ್ದೀನಿ ಎಂದಷ್ಟೇ. ಎರಡು ಸಲ ಹೇಳಿದ. ಆಮೇಲೆ ಫೋನ್ ಕಟ್ಟಾಯಿತು. ಹಳೆಯದನ್ನು ಹಾಕು ಎಂದು ಮತ್ತೆ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಅಂತೋಣಿ ಮುಖವಾಡ ಹಾಕಿಕೊಂಡು ಪಕ್ಕದ ಕೋಣೆಗೆ ಹೋಗಿದ್ದ. ಸೆನ್ಸರಿನ ತಂತಿ ಮುಟ್ಟಿದರೆ ಕೈಗೇ ಬಂತಂತೆ. ತಂದು ಮ್ಯಾನೇಜರ್ ಮುಂದೆ ಹಿಡಿದ. ಸಮುದ್ರದ ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿದು, ತುದಿ ಹಸಿರು ಪುಡಿಯಾಗಿತ್ತು. ಮೀನು ತುಂಬುವ ಕೋಣೆಯದೂ ಹಾಗೇ. ಆ ಕೋಣೆಯಲ್ಲಿ ದಿನವೂ ಕೆಲಸ ಮಾಡುವ ಹೆಂಗಸರು ನೀಲಿ ಏಪ್ರನ್ ಹಾಕಿಕೊಂಡು ಹೊರಗೆ ಸಾಲಾಗಿ ನಿಂತಿದ್ದರು. ಮ್ಯಾನೇಜರ್ ಆ ತಂತಿ ನೋಡಿದರು, ಆ ಸಾಲು ನೋಡಿದರು. ಎರಡು ಬಾಗಿಲಿಗೂ ಬೀಗ ಹಾಕಿಸಿದರು.

ಶೇಷಗಿರಿ ನನ್ನ ಕಿವಿಯ ಹತ್ತಿರ ಬಂದ. “ಅಕ್ಕಾರ, ನಿಮ್ಮ ಪ್ರೋಗ್ರಾಮಿನ್ಯಾಗ ಕೆಂಪ್ ಬಂತಲ್ರೀ. ಬಜ್ಜಿ ನಿಮ್ದ.”

ಹಾರ್ಬರಿನ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಎಲ್ಲರಿಗೂ ಕೊಡಿಸಿದೆ. ಅಂತೋಣಿಗೆ, ಆ ಹೆಂಗಸರಿಗೆ, ಮ್ಯಾನೇಜರಿಗೂ. ಶೇಷಗಿರಿಯ ಗಂಟಲಿಗೆ ಈಗ ಖಾರ ಇಳಿಯುವುದಿಲ್ಲ. ಬಾಳೆಕಾಯಿ ಬಜ್ಜಿ ಒಂದನ್ನು ಮುರಿದು, ಊದಿ ಆರಿಸಿ, ಒಳಗಿನದನ್ನಷ್ಟೇ ತಿಂದ.

ಪೂರ್ವಿ, ನಿನ್ನ ಆ ಕೊನೆಯ ಸಾಲು ಅಳಿಸು. ನಿಮ್ಮ ಲೀಡ್ ಮೆಚ್ಚಲಿ, ಟೂಲ್ ಬರೆದುಕೊಡಲಿ, ಅಳಿಸು. ಕೆಂಪು ಬರುತ್ತದೆ, ಎಲ್ಲರೂ ನಗುತ್ತಾರೆ, ಬರಲಿ. ಬಾಗಿಲಾಚೆ ಯಾರೋ ಬಡಿಯುತ್ತಿರುವಾಗ ಸ್ಕ್ರೀನ್ ನೋಡಿಕೊಂಡು ಕೂರುವವಳು ನೀನಾಗಬೇಡ. ನಾನು ಕೂತಿದ್ದೆ. ಇವತ್ತಿಗೂ ಯಾರಾದರೂ ಬಾಗಿಲು ತಟ್ಟಿದರೆ ಓಡುತ್ತೇನೆ, ಏಕೆ ಅಷ್ಟು ಜೋರಾಗಿ ಓಡಿಬರುತ್ತೀರಿ ಎಂದು ಪಕ್ಕದ ಮನೆಯವರು ಕೇಳುತ್ತಾರೆ.